ಎರಡು ಊರುಗಳ ನಡುವಿನ ವಾಯುದೂರ ಮತ್ತು ಪ್ರಯಾಣದ ಸಮಯ: ಹಂತ ಹಂತವಾಗಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಿಂದ ದೆಹಲಿಗೆ ವಾಯುದೂರ ಸುಮಾರು 1,710 ಕಿ.ಮೀ., ವಿಮಾನದ ವೇಗ ಗಂಟೆಗೆ 900 ಕಿ.ಮೀ., ಭಾಗಿಸಿದರೆ ಎರಡು ಗಂಟೆಯೂ ಇಲ್ಲ. ಈ ಒಂದು ಭಾಗಾಕಾರವನ್ನು ನಂಬಿ, ಬೆಳಿಗ್ಗೆ ಎಂಟರ ವಿಮಾನ ಹತ್ತಿ ಹನ್ನೊಂದಕ್ಕೆ ಕನ್ನಾಟ್ ಪ್ಲೇಸಿನಲ್ಲಿ ಸಭೆಗೆ ಒಪ್ಪಿಕೊಂಡು, ಆ ಹೊತ್ತಿಗೆ ಇನ್ನೂ ವಿಮಾನದೊಳಗೆ ಸೀಟ್ ಬೆಲ್ಟ್ ಬಿಚ್ಚುತ್ತಾ ಕುಳಿತವರು ಒಬ್ಬಿಬ್ಬರಲ್ಲ. ಅವರು ಹಿಡಿದ ಅಂಕಿಗಳಲ್ಲಿ ಹೆಚ್ಚಿನ ದೋಷವಿಲ್ಲ. ನಕ್ಷೆಯ ದೂರ, ಹಾರುವ ದೂರ, ಗಾಳಿಯಲ್ಲಿರುವ ಸಮಯ, ಟಿಕೆಟ್ಟಿನ ಸಮಯ, ಮನೆಯಿಂದ ಮನೆಗೆ ತಗಲುವ ಸಮಯ ಎಂಬ ಐದು ಬೇರೆ ಬೇರೆ ಸಂಗತಿಗಳನ್ನು ಒಂದೇ ಎಂದು ಎಣಿಸಿದ್ದರಿಂದ ಲೆಕ್ಕ ಕೆಟ್ಟಿದೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ನಡುವಿನದೊಂದನ್ನು ಹಾರಿಸಿದರೆ ಮುಂದಿನ ಎಲ್ಲ ಅಂಕಿಗಳೂ ವಾಲುತ್ತವೆ.

ಮೊದಲು ಜೋಡಿಸಿಕೊಳ್ಳಬೇಕಾದವು

ಸೈನ್ ಮತ್ತು ಕೊಸೈನ್ ಗುಂಡಿಗಳಿರುವ ಕ್ಯಾಲ್ಕ್ಯುಲೇಟರ್ ಬೇಕು. ಬಹುಪಾಲು ಮೊಬೈಲುಗಳನ್ನು ಅಡ್ಡ ಹಿಡಿದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಗೂಗಲ್ ಅರ್ಥ್ ಅಥವಾ ಗೂಗಲ್ ಮ್ಯಾಪ್ಸಿನ ದೂರ ಅಳೆಯುವ ಸಾಧನ, ಫ್ಲೈಟ್‌ರಾಡಾರ್24ರಂತಹ ವಿಮಾನ ಜಾಡಿನ ಆ್ಯಪ್, ಮತ್ತು ಒಂದು ಹಾಳೆ ಪೆನ್ನು. ಹಾಳೆ ಏಕೆಂದರೆ, ಪ್ರತಿ ಹಂತದ ಉತ್ತರವನ್ನು ಬರೆದಿಟ್ಟುಕೊಳ್ಳದವರು ತಪ್ಪು ಎಲ್ಲಿ ನುಸುಳಿತೆಂದು ಹಿಂದಿರುಗಿ ನೋಡಲಾರರು.

ಕೇವಲ ದೂರ ಬೇಕಿದ್ದವರಿಗೆ ಅಳತೆಯ ಸಾಧನವೊಂದೇ ಸಾಕು. ಆದರೂ ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡಿದವರು ಮುಂದೆ ಯಾವ ಜಾಲತಾಣ ತಪ್ಪು ಸಂಖ್ಯೆ ಕೊಟ್ಟರೂ ಕಣ್ಣಿನಲ್ಲೇ ಹಿಡಿಯುತ್ತಾರೆ.

ಹಂತ 1: ಊರನ್ನಲ್ಲ, ನಿಲ್ದಾಣವನ್ನು ಗುರುತಿಸಿ

ವಿಮಾನ ಊರಿನಿಂದ ಊರಿಗೆ ಹಾರುವುದಿಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಹಾರುತ್ತದೆ. ಬೆಂಗಳೂರೆಂದರೆ ಇಲ್ಲಿ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ ಹೊರತು ಮೆಜೆಸ್ಟಿಕ್ ಅಲ್ಲ. ಎರಡರ ನಡುವೆ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಇದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕ ವಿಮಾನಗಳು ಹಳೆಯ ಎಚ್‌ಎಎಲ್ ನಿಲ್ದಾಣವನ್ನು ಬಿಟ್ಟು ಇಲ್ಲಿಗೆ ಬಂದವು. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡಿರುವ ಕೆಲವು ಸಾಧನಗಳು ಇವತ್ತಿಗೂ ಎಚ್‌ಎಎಲ್ ಬಿಂದುವಿನಿಂದ ಅಳೆಯುವುದುಂಟು.

ಒಂದೇ ಊರಿಗೆ ಎರಡು ನಿಲ್ದಾಣಗಳಿದ್ದರೆ ಇನ್ನೂ ಎಚ್ಚರ ಬೇಕು. ಗೋವಾದಲ್ಲಿ ದಾಬೋಲಿಂ ಜೊತೆಗೆ 2023ರ ಜನವರಿಯಿಂದ ಉತ್ತರ ತುದಿಯ ಮೋಪಾದಿಂದಲೂ ವಿಮಾನಗಳು ಹಾರುತ್ತಿವೆ. ದಕ್ಷಿಣ ಗೋವಾದಲ್ಲಿ ಕೋಣೆ ಕಾಯ್ದಿರಿಸಿ ಮೋಪಾದಲ್ಲಿ ಇಳಿದವರು, ಬೆಂಗಳೂರಿನಿಂದ ಹಾರಿಬಂದಷ್ಟೇ ಹೊತ್ತನ್ನು ಟ್ಯಾಕ್ಸಿಯಲ್ಲಿ ಕಳೆಯುತ್ತಾರೆ. ದೆಹಲಿಗೆ ಹೋಗುವವರು ಟಿಕೆಟ್ಟಿನಲ್ಲಿರುವುದು ಇಂದಿರಾ ಗಾಂಧಿ ನಿಲ್ದಾಣವೋ ಗಾಜಿಯಾಬಾದಿನ ಹಿಂಡನ್ನೋ ಎಂಬುದನ್ನು ನೋಡಿಕೊಳ್ಳಬೇಕು.

*ಅಪಾಯದ ಸುಳಿವು:* ಹೆಸರು ಟೈಪ್ ಮಾಡಿದಾಗ ಬಂದ ಮೊದಲ ಉತ್ತರವನ್ನೇ ಒತ್ತುವುದು. ಹೈದರಾಬಾದ್ ಪಾಕಿಸ್ತಾನದ ಸಿಂಧ್‌ನಲ್ಲೂ ಇದೆ, ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟಾ ರಿಕಾದಲ್ಲೂ ಇದೆ. ಮೂರಕ್ಷರದ ನಿಲ್ದಾಣ ಸಂಕೇತವನ್ನು ಬಳಸಿದರೆ ಈ ಗೊಂದಲವಿಲ್ಲ: ಬೆಂಗಳೂರು ಬಿಎಲ್‌ಆರ್, ದೆಹಲಿ ಡಿಇಎಲ್, ಮಂಗಳೂರು ಐಎಕ್ಸ್‌ಇ, ಹುಬ್ಬಳ್ಳಿ ಎಚ್‌ಬಿಎಕ್ಸ್.

ಹಂತ 2: ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶಕ್ಕೆ ತನ್ನಿ

ಬೆಂಗಳೂರು ನಿಲ್ದಾಣ 13°12′ ಉತ್ತರ, 77°42′ ಪೂರ್ವದಲ್ಲಿದೆ. ದೆಹಲಿಯದು 28°34′ ಉತ್ತರ, 77°06′ ಪೂರ್ವ. ಇಲ್ಲಿ ಮೊದಲ ಮುಗ್ಗರಿಕೆ ಕಾದಿರುತ್ತದೆ. 13°12′ ಎಂದರೆ 13.12 ಅಲ್ಲ. ಒಂದು ಡಿಗ್ರಿಗೆ 60 ಮಿನಿಟುಗಳಿರುವುದರಿಂದ 12ನ್ನು 60ರಿಂದ ಭಾಗಿಸಬೇಕು, ಆಗ 13.20 ಬರುತ್ತದೆ. ದೆಹಲಿಯ ಅಕ್ಷಾಂಶವನ್ನು 28.57 ಎನ್ನುವ ಬದಲು 28.34 ಎಂದು ಬರೆದರೆ ಇಡೀ ನಿಲ್ದಾಣ ಸುಮಾರು 25 ಕಿ.ಮೀ. ದಕ್ಷಿಣಕ್ಕೆ ಸರಿದು ಕೂರುತ್ತದೆ.

ಉತ್ತರ ಮತ್ತು ಪೂರ್ವಕ್ಕೆ ಧನ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ ಚಿಹ್ನೆ. ಭಾರತದೊಳಗಿನ ಲೆಕ್ಕದಲ್ಲಿ ಇದು ಕಾಡುವುದಿಲ್ಲ. ಅಮೆರಿಕದ ಊರು ಬಂದೊಡನೆ ಕಾಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ರೇಖಾಂಶ −122.38. ಮೈನಸ್ ಮರೆತರೆ ಆ ಊರು ಚೀನಾದ ಶಾಂಡಾಂಗ್ ಕರಾವಳಿಯಾಚೆಯ ಸಮುದ್ರಕ್ಕೆ ಹೋಗಿ ಬೀಳುತ್ತದೆ, 14,000 ಕಿ.ಮೀ. ಆಸುಪಾಸಿನ ದೂರ 5,200ಕ್ಕೂ ಕೆಳಗಿಳಿಯುತ್ತದೆ.

ಹಂತ 3: ನೇರ ವಾಯುದೂರವನ್ನು ಕಂಡುಹಿಡಿಯಿರಿ

ಭೂಮಿ ದುಂಡಗಿರುವುದರಿಂದ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ, ಅಂದರೆ ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ, ಒಂದು ತುಂಡಾಗಿರುತ್ತದೆ. ಅದರ ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ: ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ, ಎರಡೂ ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ, ಎರಡು ಉತ್ತರಗಳನ್ನೂ ಕೂಡಿಸಿ, ಮೊತ್ತದ ವಿಲೋಮ ಕೊಸೈನ್ (ಕ್ಯಾಲ್ಕ್ಯುಲೇಟರಿನ cos⁻¹ ಗುಂಡಿ) ತೆಗೆಯಿರಿ. ಬರುವ ಕೋನವನ್ನು 111.19ರಿಂದ ಗುಣಿಸಿದರೆ ಕಿಲೋಮೀಟರುಗಳು. ಭೂಮಿಯ ತ್ರಿಜ್ಯವನ್ನು 6,371 ಕಿ.ಮೀ. ಎಂದು ಹಿಡಿದಾಗ ಒಂದು ಡಿಗ್ರಿಗೆ ಸಿಗುವ ಉದ್ದ ಅದು.

ಬೆಂಗಳೂರು–ದೆಹಲಿಗೆ ಮಾಡಿ ನೋಡೋಣ. 13.20ರ ಸೈನ್ 0.22835, 28.57ರ ಸೈನ್ 0.47823, ಗುಣಲಬ್ಧ 0.10920. ಕೊಸೈನ್‌ಗಳು 0.97358 ಮತ್ತು 0.87823, ಅವುಗಳನ್ನು ಗುಣಿಸಿ, ರೇಖಾಂಶ ವ್ಯತ್ಯಾಸವಾದ 0.60 ಡಿಗ್ರಿಯ ಕೊಸೈನ್ 0.99995ರಿಂದ ಗುಣಿಸಿದರೆ 0.85498. ಮೊತ್ತ 0.96418. ಅದರ ವಿಲೋಮ ಕೊಸೈನ್ 15.38 ಡಿಗ್ರಿ. 111.19ರಿಂದ ಗುಣಿಸಿದರೆ 1,710 ಕಿ.ಮೀ. ವಿಮಾನದವರ ಮಾತಿನಲ್ಲಿ ಹೇಳಬೇಕಾದರೆ 1.852ರಿಂದ ಭಾಗಿಸಿ: ಸುಮಾರು 923 ನಾಟಿಕಲ್ ಮೈಲಿ.

ಉತ್ತರ ಸರಿಯೇ ಎಂದು ತಾಳೆ ನೋಡಲು ಈ ಜೋಡಿ ಬಹಳ ಅನುಕೂಲಕರ. ಎರಡೂ ನಿಲ್ದಾಣಗಳು ಹೆಚ್ಚು ಕಡಿಮೆ ಒಂದೇ ರೇಖಾಂಶದಲ್ಲಿವೆ, ಒಂದು ಇನ್ನೊಂದರ ನೆತ್ತಿಯ ಮೇಲೆ ಕೂತಂತೆ. ಹಾಗಾಗಿ ಅಕ್ಷಾಂಶಗಳ ವ್ಯತ್ಯಾಸ 15.37ನ್ನು ಮಾತ್ರ 111.19ರಿಂದ ಗುಣಿಸಿದರೂ 1,709 ಬಂದುಬಿಡುತ್ತದೆ.

*ಸಾಮಾನ್ಯ ತಪ್ಪು:* ಕ್ಯಾಲ್ಕ್ಯುಲೇಟರ್ ಡಿಗ್ರಿಯ ಬದಲು ಕೋನದ ಇನ್ನೊಂದು ಮಾನವಾದ ರೇಡಿಯನ್‌ನಲ್ಲಿರುವುದು. ನಾನು ಮೊದಲ ಬಾರಿ ಈ ಲೆಕ್ಕ ಮಾಡಿದಾಗ ಉತ್ತರ 279 ಕಿ.ಮೀ. ಬಂದಿತ್ತು. ಬೆಂಗಳೂರಿನಿಂದ ಹುಬ್ಬಳ್ಳಿಗೇ ವಾಯುದೂರ 370 ಕಿ.ಮೀ. ದಾಟುತ್ತದೆ, ನನ್ನ ಹಾಳೆಯಲ್ಲಿ ದೆಹಲಿ ಹುಬ್ಬಳ್ಳಿಗಿಂತ ಈಚೆ ಬಂದು ನಿಂತಿತ್ತು. ಎರಡು ಬಾರಿ ಗುಣಾಕಾರವನ್ನು ತಿದ್ದಿದ ಮೇಲೆ ಪರದೆಯ ಮೂಲೆಯಲ್ಲಿದ್ದ ಮೂರು ಪುಟ್ಟ ಅಕ್ಷರಗಳು ಕಣ್ಣಿಗೆ ಬಿದ್ದವು. ಆರಂಭಿಸುವ ಮುನ್ನ 30ರ ಸೈನ್ ಒತ್ತಿ ನೋಡಿ, 0.5 ಬರದಿದ್ದರೆ ಮುಂದೆ ಹೋಗಬೇಡಿ.

ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಈ ಸೂತ್ರದ ಉತ್ತರ ನೂರಕ್ಕೆ ಅರ್ಧದಷ್ಟು ಆಚೀಚೆ ಆಗಬಹುದು. ಪ್ರಯಾಣದ ಲೆಕ್ಕಕ್ಕೆ ಅದು ಲೆಕ್ಕಕ್ಕಿಲ್ಲ.

ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯುವ ಅಭ್ಯಾಸವನ್ನು ಮಾತ್ರ ಬಿಟ್ಟುಬಿಡಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವೆ ನಕ್ಷೆಯ ಮೇಲೆ ಎಳೆದ ಗೆರೆ ಶಾಂತ ಸಾಗರವನ್ನೋ ಅಟ್ಲಾಂಟಿಕ್ಕನ್ನೋ ಅಡ್ಡಲಾಗಿ ಸೀಳುತ್ತದೆ. ನಿಜವಾದ ಹತ್ತಿರದ ಗೆರೆ 71 ಡಿಗ್ರಿ ಉತ್ತರದವರೆಗೆ ಏರಿ ಇಳಿಯುತ್ತದೆ, ಉದ್ದ ಸುಮಾರು 14,000 ಕಿ.ಮೀ. ಗೂಗಲ್ ಅರ್ಥ್‌ನ ಗೋಳದ ಮೇಲೆ ಅಳೆದರೆ ಇದು ಕಣ್ಣಿಗೇ ಕಾಣುತ್ತದೆ.

ಹಂತ 4: ಹಾರುವ ದಾರಿಯ ಹೆಚ್ಚುವರಿಯನ್ನು ಸೇರಿಸಿ

ವಿಮಾನ ಮಹಾವೃತ್ತದ ಮೇಲೆ ದಾರ ಹಿಡಿದಂತೆ ಹೋಗುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಏರಬೇಕಾದ್ದರಿಂದ, ಉತ್ತರಕ್ಕೆ ಹೋಗುವ ವಿಮಾನವೂ ಬೆಂಗಳೂರಿನ ಪೂರ್ವ–ಪಶ್ಚಿಮ ರನ್‌ವೇಯಿಂದ ಪಶ್ಚಿಮಕ್ಕೋ ಪೂರ್ವಕ್ಕೋ ಎದ್ದು ಆಮೇಲೆ ತಿರುಗುತ್ತದೆ. ಅಲ್ಲಿಂದ ಮುಂದೆ ನಿಗದಿತ ವಾಯುಮಾರ್ಗದ ಬಿಂದುಗಳನ್ನು ಹಾಯ್ದು, ಸೇನೆಗೆ ಮೀಸಲಾದ ಆಕಾಶವನ್ನು ತಪ್ಪಿಸಿ ಸುತ್ತಿಕೊಂಡು, ದೆಹಲಿಯ ಸರದಿಯಲ್ಲಿ ಸೇರಿಕೊಳ್ಳಬೇಕು. ದೇಶದೊಳಗಿನ ದೊಡ್ಡ ಮಾರ್ಗಗಳಿಗೆ ನಾನು ನೂರಕ್ಕೆ 5 ಸೇರಿಸುತ್ತೇನೆ, 500 ಕಿ.ಮೀ. ಒಳಗಿನವಕ್ಕೆ 8, ಏರುವ ಇಳಿಯುವ ತಿರುವುಗಳು ಚಿಕ್ಕ ದಾರಿಯಲ್ಲಿ ದೊಡ್ಡ ಪಾಲಾಗುತ್ತವೆ. ದೆಹಲಿಯ 1,710 ಹೀಗೆ 1,795 ಆಗುತ್ತದೆ.

ವಿದೇಶದ ಮಾರ್ಗಗಳಿಗೆ ಯಾವ ಶೇಕಡಾವಾರೂ ನಂಬಿಕೆಗೆ ತಕ್ಕದ್ದಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಕಡೆಗೆ ಸುತ್ತಿ ಹೋಗಬೇಕಾಯಿತು. ಬೆಂಗಳೂರು–ದುಬೈ ದಾರಿ ಮೊದಲೇ ಸಮುದ್ರದ ಮೇಲಿನದಾದ್ದರಿಂದ ಹೆಚ್ಚು ಬದಲಾಗಲಿಲ್ಲ. ಟಿಬೆಟ್ ಪ್ರಸ್ಥಭೂಮಿಯನ್ನು ವಿಮಾನಗಳು ಸಾಮಾನ್ಯವಾಗಿ ತಪ್ಪಿಸಿ ಹೋಗುವುದಕ್ಕೆ ಕಾರಣ ಬೇರೆಯೇ: ಒಳಗಿನ ಗಾಳಿಯ ಒತ್ತಡ ಕಳೆದುಹೋದರೆ ವಿಮಾನ ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಅಲ್ಲಿ ನೆಲವೇ 4,500 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಇಂಥ ಮಾರ್ಗಗಳಿಗೆ ಫ್ಲೈಟ್‌ರಾಡಾರ್24ರಲ್ಲಿ ಕಳೆದ ವಾರದ ಹಾರಾಟಗಳ ಜಾಡನ್ನು ತೆರೆದು, ನಿಜವಾಗಿ ಹಾರಿದ ದಾರಿಯನ್ನೇ ನೋಡಿಕೊಳ್ಳಿ.

ಹಂತ 5: ಗಾಳಿಯಲ್ಲಿರುವ ಸಮಯ

ಯಾವ ವಿಮಾನ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ನೋಡಿ. ಏರ್‌ಬಸ್ ಎ320 ಅಥವಾ ಬೋಯಿಂಗ್ 737ಕ್ಕೆ ಗಂಟೆಗೆ 820 ಕಿ.ಮೀ. ಹಿಡಿದು, ಏರುವಾಗ ಇಳಿಯುವಾಗ ವೇಗ ಕಡಿಮೆಯಿರುವುದಕ್ಕೆ 15 ನಿಮಿಷ ಸೇರಿಸಿ. ಬೋಯಿಂಗ್ 777ರಂತಹ ದೊಡ್ಡ ವಿಮಾನಕ್ಕೆ 900. ಪ್ರೊಪೆಲ್ಲರ್ ಇರುವ ಎಟಿಆರ್‌ಗೆ 500 ಮಾತ್ರ, ಮತ್ತು 10 ನಿಮಿಷ.

ದೆಹಲಿಗೆ: 1,795ನ್ನು 820ರಿಂದ ಭಾಗಿಸಿದರೆ 2.19 ಗಂಟೆ. ಇದನ್ನು 2 ಗಂಟೆ 19 ನಿಮಿಷ ಎಂದು ಓದುವವರು ಬಹಳ ಮಂದಿ. ಅದು ಸರಿಯಲ್ಲ, 0.19ನ್ನು 60ರಿಂದ ಗುಣಿಸಬೇಕು, 11 ನಿಮಿಷ ಬರುತ್ತದೆ. 15 ಸೇರಿಸಿ: 2 ಗಂಟೆ 26 ನಿಮಿಷ.

ಹುಬ್ಬಳ್ಳಿಗೆ ಎಟಿಆರ್‌ನಲ್ಲಿ ಹೋಗುವುದಾದರೆ 371ಕ್ಕೆ ನೂರಕ್ಕೆ 8 ಸೇರಿಸಿ 400. ಅದಕ್ಕೆ 48 ನಿಮಿಷ, ಮೇಲೆ 10. ದೆಹಲಿಯ ದೂರದ ಕಾಲುಭಾಗವೂ ಇಲ್ಲದ ದಾರಿಗೆ ಅರ್ಧಕ್ಕೆ ಹತ್ತಿರದ ಸಮಯ ಹಿಡಿಯುವುದು ಹೀಗೆ.

ಹಂತ 6: ಗಾಳಿಯ ಪಾಲು

ಒಂದು ತಪ್ಪು ನಂಬಿಕೆಯನ್ನು ಮೊದಲು ಬದಿಗಿಡಬೇಕು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹಾರುವ ವಿಮಾನದ ಗುರಿ ತಾನೇ ಹತ್ತಿರ ಬರುತ್ತದೆ ಎಂದು ವಾದಿಸುವವರು ಇದ್ದಾರೆ. ಭೂಮಿಯ ಜೊತೆ ವಾತಾವರಣವೂ ತಿರುಗುತ್ತದೆ, ವಿಮಾನ ಈಜುವುದು ಆ ವಾತಾವರಣದಲ್ಲಿ. ಸಮಯವನ್ನು ಬದಲಿಸುವುದು ಮೇಲುಗಾಳಿ, ಅದರಲ್ಲೂ ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹ.

ದೆಹಲಿ–ಕೋಲ್ಕತ್ತ ದಾರಿಯನ್ನು ಸುಮಾರು 1,300 ಕಿ.ಮೀ. ಎಂದು ಹಿಡಿಯಿರಿ. ಗಂಟೆಗೆ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ 920ರ ವೇಗದಲ್ಲಿ 85 ನಿಮಿಷ. ಅದೇ ಗಾಳಿ ಎದುರಾದರೆ 720ರ ವೇಗದಲ್ಲಿ 108 ನಿಮಿಷ. ಗಾಳಿಯೇ ಇಲ್ಲದಿದ್ದರೆ 95. ಬೆನ್ನುಗಾಳಿ ಉಳಿಸಿದ್ದು 10 ನಿಮಿಷ, ಎದುರುಗಾಳಿ ಕಳೆದದ್ದು 13 ನಿಮಿಷ ಎಂಬುದನ್ನು ಗಮನಿಸಿ. ಹೋಗುವಾಗ ಉಳಿದದ್ದು ಬರುವಾಗಿನ ನಷ್ಟಕ್ಕೆ ಸರಿಹೋಗುತ್ತದೆ ಎಂದುಕೊಳ್ಳಬಾರದು. ಬೆಂಗಳೂರು–ದೆಹಲಿ ಉತ್ತರ–ದಕ್ಷಿಣ ದಾರಿಯಾದ್ದರಿಂದ ಗಾಳಿ ಪಕ್ಕೆಗೆ ಬಡಿಯುತ್ತದೆ, ವ್ಯತ್ಯಾಸ ಕೆಲವೇ ನಿಮಿಷ.

ಹಂತ 7: ಟಿಕೆಟ್ಟಿನ ಸಮಯದೊಡನೆ ತಾಳೆ ನೋಡಿ

ಟಿಕೆಟ್ಟಿನಲ್ಲಿ ಮುದ್ರಿತವಾಗುವುದು ಹಾರಾಟದ ಸಮಯವಲ್ಲ, ಬ್ಲಾಕ್ ಸಮಯ: ಹೊರಡುವ ಕಡೆ ವಿಮಾನವನ್ನು ಹಿಂದಕ್ಕೆ ತಳ್ಳಿದ ಕ್ಷಣದಿಂದ ತಲುಪಿದ ಕಡೆ ಚಕ್ರಕ್ಕೆ ಅಡ್ಡಗಟ್ಟೆ ಇಡುವ ಕ್ಷಣದವರೆಗೆ. ರನ್‌ವೇ ತನಕ ನೆಲದ ಮೇಲೆ ಓಡುವುದು, ಸಾಲಿನಲ್ಲಿ ಕಾಯುವುದು, ಇಳಿದ ಮೇಲೆ ಜಾಗಕ್ಕೆ ಬರುವುದು ಎಲ್ಲ ಇದರೊಳಗೆ. ಬೆಂಗಳೂರಿನಲ್ಲಿ 12, ದೆಹಲಿಯಲ್ಲಿ 12 ನಿಮಿಷ ಸೇರಿಸಿದರೆ ನಮ್ಮ 2:26 ಎನ್ನುವುದು 2:50 ಆಗುತ್ತದೆ. ಟಿಕೆಟ್ಟುಗಳಲ್ಲಿ ಸಾಮಾನ್ಯವಾಗಿ 2:45ರಿಂದ 2:55ರವರೆಗೆ ಕಾಣುವುದರಿಂದ ಲೆಕ್ಕ ಸರಿಯಾಗಿದೆಯೆಂದು ತಿಳಿಯಬಹುದು.

ನಿಮ್ಮ ಅಂಕಿಗೂ ಟಿಕೆಟ್ಟಿಗೂ 20 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಮೂರು ಕಾರಣ ಹುಡುಕಿ: ವಿಮಾನ ಎಟಿಆರ್ ಆಗಿರಬಹುದು, ನಡುವೆ ಎಲ್ಲೋ ಇಳಿದು ಏಳುತ್ತಿರಬಹುದು, ಇಲ್ಲವೇ ಸಂಸ್ಥೆ ತಡವಾಗದಿರಲೆಂದು ಸಮಯವನ್ನು ಹಿಗ್ಗಿಸಿರಬಹುದು. ಹೊರಟದ್ದು ಅರ್ಧ ಗಂಟೆ ತಡವಾಗಿ, ಇಳಿದದ್ದು ಐದು ನಿಮಿಷ ಮುಂಚೆ ಎಂಬ ಪವಾಡ ನಡೆಯುವುದು ಈ ಹಿಗ್ಗಿಸಿದ ಸಮಯದಿಂದಲೇ.

ಹಂತ 8: ಗಡಿಯಾರಗಳನ್ನು ಒಂದೇ ದೇಶಕ್ಕೆ ತನ್ನಿ

ಟಿಕೆಟ್ಟಿನಲ್ಲಿ ಎರಡೂ ಸಮಯಗಳು ಆಯಾ ಸ್ಥಳದವು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ, ಮತ್ತು ಅಲ್ಲಿ ಬೇಸಿಗೆಗೆ ಗಡಿಯಾರ ಬದಲಿಸುವ ಪದ್ಧತಿಯಿಲ್ಲ. ಬೆಂಗಳೂರಿನಲ್ಲಿ 10:15ಕ್ಕೆ ಹೊರಟು ದುಬೈಯಲ್ಲಿ 12:50ಕ್ಕೆ ಇಳಿಯುತ್ತದೆ ಎಂದಿದ್ದರೆ, ಇಳಿಯುವ ಸಮಯವನ್ನು ಮೊದಲು ನಮ್ಮ ಗಡಿಯಾರಕ್ಕೆ ತನ್ನಿ: 14:20. ಪ್ರಯಾಣ 4 ಗಂಟೆ 5 ನಿಮಿಷ. ಮರಳುವಾಗ ರಾತ್ರಿ 22:00ಕ್ಕೆ ಹೊರಟು ಮರುದಿನ 3:10ಕ್ಕೆ ಬಂದರೆ, ಹೊರಟದ್ದು ನಮ್ಮ 23:30. ಪ್ರಯಾಣ 3 ಗಂಟೆ 40 ನಿಮಿಷ. ಕೂಡಬೇಕೋ ಕಳೆಯಬೇಕೋ ಎಂದು ತಲೆ ಕೆಡಿಸಿಕೊಳ್ಳುವ ಬದಲು, ಎರಡೂ ಸಮಯಗಳನ್ನು ಭಾರತದ ಸಮಯಕ್ಕೆ ಬರೆದು ಆಮೇಲೆ ಕಳೆಯಿರಿ.

ಅಮೆರಿಕ, ಬ್ರಿಟನ್ನಿನ ವ್ಯತ್ಯಾಸ ವರ್ಷವಿಡೀ ಒಂದೇ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಗಡಿಯಾರ ಬದಲಾಗುವುದು ಮಾರ್ಚಿನ ಎರಡನೇ ಮತ್ತು ನವೆಂಬರಿನ ಮೊದಲ ಭಾನುವಾರ. ಲಂಡನ್ನಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ಗಳ ಕೊನೆಯ ಭಾನುವಾರ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿನ ದಾರಿ ಹಿಡಿದು ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಬೆಂಗಳೂರಿಗೆ ಬಂದದ್ದು 11ರ ನಸುಕಿನಲ್ಲಿ. ತಾರೀಕು ನೋಡಿದರೆ ಎರಡು ದಿನ. ಗಾಳಿಯಲ್ಲಿದ್ದದ್ದು 17 ಗಂಟೆಯ ಆಸುಪಾಸು.

*ಅತಿ ದುಬಾರಿ ತಪ್ಪು:* ಟಿಕೆಟ್ಟಿನಲ್ಲಿ ಶನಿವಾರ 00:25 ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು ಶುಕ್ರವಾರ ಸಂಜೆ. ಶನಿವಾರ ರಾತ್ರಿ ಪೆಟ್ಟಿಗೆ ಎಳೆದುಕೊಂಡು ಹೋದವರಿಗೆ ವಿಮಾನ ಹಿಂದಿನ ರಾತ್ರಿಯೇ ಹೋಯಿತೆಂಬ ಉತ್ತರ ಸಿಗುತ್ತದೆ. ಕ್ಯಾಲೆಂಡರಿನಲ್ಲಿ ಹೊರಡುವ ಸಮಯವನ್ನಲ್ಲ, ಮನೆ ಬಿಡುವ ಸಮಯವನ್ನು ಗುರುತು ಹಾಕಿ.

ಹಂತ 9: ಮನೆಯಿಂದ ಮನೆಗೆ

ಜಯನಗರದಿಂದ ದೇವನಹಳ್ಳಿಗೆ ನಸುಕಿನಲ್ಲಿ ಒಂದು ಗಂಟೆ ಸಾಕು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ವಾಹನಗಳು ನಿಂತ ಸಂಜೆ ಎರಡೂ ಸಾಲದು. ವಾಯು ವಜ್ರ ಬಸ್ಸಾದರೂ ಅದೇ ರಸ್ತೆ. 1:45 ಎಂದು ಹಿಡಿಯೋಣ. ದೇಶದೊಳಗಿನ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ, ಗೇಟು 25 ನಿಮಿಷ ಮುಂಚೆ ಮುಚ್ಚುವುದರಿಂದ ನಿಲ್ದಾಣಕ್ಕೆ ಎರಡು ಗಂಟೆ ಮುಂಚೆ ತಲುಪಬೇಕು. ಬ್ಲಾಕ್ ಸಮಯ 2:50. ಬಾಗಿಲು ತೆರೆದು, ನಡೆದು, ಪೆಟ್ಟಿಗೆ ಬರುವವರೆಗೆ 0:40. ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಹಿಡಿದು ಕನ್ನಾಟ್ ಪ್ಲೇಸ್ ತಲುಪಲು, ಕಾಯುವುದೂ ಸೇರಿ 0:45. ಒಟ್ಟು ಎಂಟು ಗಂಟೆ.

ಇದಕ್ಕೂ ಮೊದಲು ಟರ್ಮಿನಲ್ ಯಾವುದೆಂದು ನೋಡಿರಬೇಕು. ಬೆಂಗಳೂರಿನಲ್ಲಿ ವಿದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ಕ್ಕೆ ಹೋಗಿವೆ, ದೇಶದೊಳಗಿನವು ಎರಡರಲ್ಲೂ ಹಂಚಿವೆ. ದೆಹಲಿಯಲ್ಲಿ ಟರ್ಮಿನಲ್ 1 ಮತ್ತು 3 ನಡೆದು ದಾಟುವಷ್ಟು ಹತ್ತಿರವಿಲ್ಲ.

ದೆಹಲಿಯಿಂದ ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ, ಎರಡೂ ಒಂದೇ ಪಿಎನ್‌ಆರ್‌ನಲ್ಲಿವೆಯೇ ಎಂಬುದು ಮೊದಲ ಪ್ರಶ್ನೆ. ಬೇರೆ ಬೇರೆಯಾಗಿ ಕೊಂಡ ಟಿಕೆಟ್ಟುಗಳಾದರೆ ಮೊದಲನೆಯದು ತಡವಾದದ್ದಕ್ಕೆ ಎರಡನೆಯವರು ಹೊಣೆಯಲ್ಲ, ಪೆಟ್ಟಿಗೆಯನ್ನೂ ನೀವೇ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕು. ಅಂಥಲ್ಲಿ ನಾಲ್ಕು ಗಂಟೆಗಿಂತ ಕಡಿಮೆ ಅಂತರ ಇಡಬೇಡಿ. ಡಿಸೆಂಬರ್, ಜನವರಿಯ ಬೆಳಗಿನ ಮಂಜಿನ ದಿನಗಳಲ್ಲಿ ನಾಲ್ಕೂ ಸಾಲದು. ಆಗ ಹಿಂದಿನ ರಾತ್ರಿಯೇ ತಲುಪಿ ಅಲ್ಲಿ ಮಲಗುವುದು ಅಗ್ಗ.